ನುವರ ಎಲಿಯದ ಅಗ್ಗಿಷ್ಟಿಕೆ



ಹಿಂದೆ ಸಿಂಹಳವೆನಿಸಿದ್ದ ಶ್ರೀಲಂಕೆಯ ಮಧ್ಯದಲ್ಲಿ, ಸಮುದ್ರಮಟ್ಟದಿಂದ 6,000 ಅಡಿಗಳಿಗೂ ಮೇಲೆ, ನುವರ ಎಲಿಯ ಎಂಬ ಊರುಂಟು. ಸುತ್ತಲೂ ಚಹಾ ತೋಟಗಳು. ಅಲ್ಲಿ ಇಂಗ್ಲಿಷ್ ಮಾದರಿಯ ಹಳೆಯ ಹೋಟೆಲೊಂದರಲ್ಲಿ ನಾವು ಎರಡು ರಾತ್ರಿ ತಂಗಿದ್ದೆವು. ಹೊರಗೆ ದಟ್ಟವಾದ ಮಂಜು. ಒಳಗೆ ಹಲಗೆ ಹೊದಿಸಿದ ಗೋಡೆಗಳು, ಉರಿಯುವ ಅಗ್ಗಿಷ್ಟಿಕೆ, ಅದರ ಮುಂದೆ ಮೆತ್ತನೆಯ ಕುರ್ಚಿ, ಕೈಯಲ್ಲಿ ಬಿಸಿಯಾದ ಚಹಾ. ಉಷ್ಣದೇಶದ ಈ ಬೆಟ್ಟಕ್ಕೆ ಇಂಗ್ಲೆಂಡು ಬಂದುದು ಹೇಗೆಂಬ ಪ್ರಶ್ನೆ ಆಗ ನಮ್ಮಲ್ಲಿ ಮೂಡಿತು.

1824ರಿಂದ 1831ರವರೆಗೆ ಗವರ್ನರಾಗಿದ್ದ ಸರ್ ಎಡ್ವರ್ಡ್ ಬಾರ್ನ್ಸನು ಇಲ್ಲಿನ ತಂಪಿಗೆ ಮನಸೋತು ಒಂದು ಮನೆಯನ್ನು ಕಟ್ಟಿಸಿದನು. ಅದೇ ಮುಂದೆ ಬೆಳೆದು ಗ್ರ್ಯಾಂಡ್ ಹೋಟೆಲಾಯಿತು. 1848ರಲ್ಲಿ ಸ್ಯಾಮ್ಯುಯೆಲ್ ಬೇಕರನು ಇಂಗ್ಲೆಂಡಿನಿಂದ ಬೇಸಾಯಗಾರರನ್ನೂ ದನಗಳನ್ನೂ ತಂದು ಇಲ್ಲಿ ಒಕ್ಕಲುತನವನ್ನಾರಂಭಿಸಿದನು. ತಾಯ್ನಾಡನ್ನು ನೆನೆದವರು ಅದರ ಪ್ರತಿರೂಪವನ್ನೇ ಇಲ್ಲಿ ನಿರ್ಮಿಸಿಕೊಂಡರು.

ಆಗ ಈ ಸೀಮೆಯ ಸಂಪತ್ತು ಕಾಫಿಯಾಗಿದ್ದಿತು. 1869ರಲ್ಲಿ ಎಲೆಗೆ ತುಕ್ಕುರೋಗ ತಗುಲಿತು. ಎರಡು ದಶಕಗಳೊಳಗೆ ಕಾಫಿಯು ಹಾಳಾಯಿತು. ಅದೃಷ್ಟವಶಾತ್ ಜೇಮ್ಸ್ ಟೇಲರನು 1867ರಲ್ಲಿಯೇ ಲೂಲ್‌ಕಂದುರ ತೋಟದ 19 ಎಕರೆಗಳಲ್ಲಿ ಚಹಾ ಗಿಡಗಳನ್ನು ನೆಟ್ಟಿದ್ದನು. ತೋಟಗಾರರೆಲ್ಲರೂ ಆ ದಾರಿಯನ್ನೇ ಹಿಡಿದರು.

ಈ ಬದಲಾವಣೆಯಿಂದ ದುಡಿಯುವವರ ಬಾಳೂ ಬದಲಾಯಿತು. ಕಾಫಿಯ ಕಾಲದಲ್ಲಿ ತಮಿಳುನಾಡಿನ ಕೂಲಿಗಳು ಕೊಯ್ಲಿಗೆ ಬಂದು, ಕೊಯ್ಲು ಮುಗಿದೊಡನೆ ಊರಿಗೆ ಮರಳುತ್ತಿದ್ದರು. ಚಹಾದ ಚಿಗುರನ್ನಾದರೋ ವರ್ಷವಿಡೀ ಕೀಳಬೇಕು. ಆದಕಾರಣ ಅವರು ಸಂಸಾರಸಮೇತರಾಗಿ ತೋಟದ ಸಾಲುಮನೆಗಳಲ್ಲಿಯೇ ನೆಲೆನಿಂತರು. ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿದರು. ಹೀಗಿದ್ದರೂ, ದೇಶವು ಸ್ವತಂತ್ರವಾದ 1948ರಲ್ಲಿಯೇ ಬಂದ ಪೌರತ್ವದ ಕಾನೂನು ಅವರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಸಿರಿಮಾವೊ ಮತ್ತು ಶಾಸ್ತ್ರಿಗಳ ನಡುವೆ ಒಪ್ಪಂದವಾಯಿತು. 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಂಹಳವೂ ತಮ್ಮವರೆಂದು ಸ್ವೀಕರಿಸತಕ್ಕುದೆಂದು ನಿಶ್ಚಯವಾಯಿತು. ಹಾಗೆ ಕಡಲು ದಾಟಿದವರಲ್ಲಿ ಕೆಲವರು ನಮ್ಮ ಸುಳ್ಯದ ಸೀಮೆಯ ರಬ್ಬರು ತೋಟಗಳಿಗೂ ಬಂದರು. ಅಲ್ಲಿಯೇ ಉಳಿದು ಪೌರತ್ವವಿಲ್ಲದೆ ಇದ್ದವರಿಗೆ ಅದು ದೊರೆತದ್ದು 2003ರ ಕಾನೂನಿನಿಂದ.

ಮರುದಿನ ಬೆಳಗ್ಗೆ ಮಂಜು ಸರಿದಾಗ, ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸರು ಇಳಿಜಾರಿನಲ್ಲಿ ಚಿಗುರು ಕೀಳುತ್ತಿದ್ದುದನ್ನು ನಾವು ಕಿಟಕಿಯಿಂದ ಕಂಡೆವು. ಈ ಬೆಟ್ಟಕ್ಕೆ ಹೊರಗಿನಿಂದ ಬಂದವರು ಎರಡು ಬಗೆಯವರು. ಒಬ್ಬರು ಕಟ್ಟಿಸಿದ ಮನೆಯಲ್ಲಿ ನಾವು ಬೆಚ್ಚಗೆ ಮಲಗಿದ್ದೆವು. ಇನ್ನೊಬ್ಬರಿಗೆ ಇದು ತಮ್ಮ ಊರೆಂದು ಹೇಳಿಕೊಳ್ಳುವ ಹಕ್ಕು ಬರಲು ನಾಲ್ಕು ತಲೆಮಾರುಗಳು ಸಂದವು. ಚಹಾದ ಇತಿಹಾಸವನ್ನು ಹೇಳುವವರು ಈ ಎರಡನ್ನೂ ಕೂಡಿಸಿ ಹೇಳುವುದು ನ್ಯಾಯವೆಂದು ನಮಗೆ ತೋರುತ್ತದೆ.