ಕ್ಯೂ, ಖಾಫ್ ಮತ್ತು ನಮ್ಮ ಖ

ಇಂಗ್ಲಿಷ್ ವರ್ಣಮಾಲೆಯ ಇಪ್ಪತ್ತಾರು ಅಕ್ಷರಗಳಲ್ಲಿ ಹದಿನೇಳನೆಯದು ಕ್ಯೂ. ಒಂದು ಸೊನ್ನೆ, ಅದಕ್ಕೊಂದು ಬಾಲ. ಇಂಗ್ಲಿಷ್ ಬರಹದಲ್ಲಿ ಇದರಷ್ಟು ಅಪರೂಪವಾಗಿ ಬಳಕೆಯಾಗುವ ಅಕ್ಷರಗಳು ಎರಡೋ ಮೂರೋ ಇರಬಹುದು, ಅಷ್ಟೆ. ಒಂಟಿಯಾಗಿ ನಡೆಯುವ ಅಭ್ಯಾಸವೂ ಅದಕ್ಕಿಲ್ಲ. ಹಿಂದೆಯೇ ಯು ಬರಬೇಕು. ಇಂಥ ಅಕ್ಷರದ ಬಗ್ಗೆ ಕನ್ನಡ ಮಾಸಿಕವೊಂದರಲ್ಲಿ ಬರೆಯುವಂಥದ್ದೇನಿದೆ ಎಂದು ಓದುಗರು ಕೇಳಬಹುದು. ನಮ್ಮ ಹೆಸರುಗಳು, ನಮ್ಮ ಜಮೀನಿನ ಕಾಗದಗಳು, ನಮ್ಮ ಮಕ್ಕಳ ಉಚ್ಚಾರ ಇವೆಲ್ಲದರಲ್ಲೂ ಅದರ ನೆರಳಿದೆ ಎಂಬುದೇ ನಮ್ಮ ಉತ್ತರ.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿಗೆ ಪೂರ್ವದಲ್ಲಿ, ಮಾಲೂರಿನ ಕಡೆಗಿರುವ ಹೋಬಳಿ ಕೇಂದ್ರವಿದು. ಕನ್ನಡ, ತೆಲುಗು, ತಮಿಳು, ದಖ್ಖನಿ ಉರ್ದು ನಾಲ್ಕೂ ಕಿವಿಗೆ ಬೀಳುವ ಸೀಮೆ. ಈ ಸೀಮೆಯ ಮುಸ್ಲಿಂ ಮನೆಯ ಮಗು ಬೆಳಗ್ಗೆ ಮದರಸದಲ್ಲಿ ಹಜರತ್ತರ ಮುಂದೆ ಕುಳಿತು ಅರಬಿಯ ಖಾಫ್ ಅಕ್ಷರವನ್ನು ಗಂಟಲಿನ ಆಳದಿಂದ ಹೊರಡಿಸಲು ಕಲಿಯುತ್ತದೆ. ಮನೆಗೆ ಬಂದು ಅಮ್ಮಿಯೊಡನೆ ಮಾತಾಡುವಾಗ ಅದೇ ಅಕ್ಷರ ಒರಟು ‘ಖ’ ಆಗುತ್ತದೆ. ಶಾಲೆಯ ಕನ್ನಡ ಹಾಜರಿ ಪುಸ್ತಕದಲ್ಲಿ ಅದು ‘ಕ’, ಇಲ್ಲವೇ ‘ಖ’. ಇಂಗ್ಲಿಷ್ ಪಾಠದಲ್ಲಿ ಕ್ಯೂ. ಯು ಜೊತೆ ಸೇರಿ ‘ಕ್ವ’. ಒಂದೇ ಬೇರಿನ ಅಕ್ಷರಕ್ಕೆ ಒಂದೇ ದಿನದಲ್ಲಿ ನಾಲ್ಕು ಧ್ವನಿಗಳು.

ಆ ಬೇರು ಇರುವುದು ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಅಲ್ಲಿನ ಫಿನೀಷಿಯನ್ ವರ್ತಕರು ಬಳಸುತ್ತಿದ್ದ 22 ಅಕ್ಷರಗಳಲ್ಲಿ ಹತ್ತೊಂಬತ್ತನೆಯದು ಕೋಫ್. ಒಂದು ವೃತ್ತ, ಅದರಿಂದ ಇಳಿಬಿದ್ದ ಒಂದು ಗೆರೆ ಅದರ ಆಕಾರ. ಆ ಹೆಸರಿನ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸೂಜಿಯ ಕಣ್ಣು ಎನ್ನುವವರಿದ್ದಾರೆ, ತಲೆಯ ಹಿಂಭಾಗ ಎನ್ನುವವರಿದ್ದಾರೆ. ಹೀಬ್ರೂವಿನಲ್ಲಿ ಕೋಫ್ ಎಂದರೆ ಕೋತಿ. ಹಾಗಾಗಿ ಇಳಿಬಿದ್ದ ಗೆರೆ ಕೋತಿಯ ಬಾಲವೇ ಎಂದು ಹೇಳುವವರೂ ಉಂಟು. ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ.

ಗ್ರೀಕರು ಈ ಅಕ್ಷರವನ್ನು ಕೊಪ್ಪ ಎಂದು ಕರೆದರು. ಆದರೆ ಗಂಟಲಾಳದ ಆ ಧ್ವನಿ ಅವರ ಬಾಯಲ್ಲಿರಲಿಲ್ಲ. ‘ಕ’ ಬರೆಯಲು ಕಪ್ಪ ಎಂಬ ಬೇರೆ ಅಕ್ಷರ ಇದ್ದುದರಿಂದ ಕೊಪ್ಪ ಕ್ರಮೇಣ ಬಳಕೆ ತಪ್ಪಿತು. ಕೊರಿಂಥ್ ನಗರದ ನಾಣ್ಯಗಳಲ್ಲಿ ಊರಿನ ಹೆಸರಿನ ಮೊದಲಕ್ಷರವಾಗಿ ಅದು ಉಳಿಯಿತು, ಲೆಕ್ಕದಲ್ಲಿ 90 ಎಂಬ ಅಂಕೆಯಾಗಿ ಉಳಿಯಿತು. ಅಷ್ಟರಲ್ಲಿ ಇಟಲಿಯ ಎಟ್ರುಸ್ಕನ್ನರು ಅದನ್ನು ಕಲಿತಿದ್ದರು, ಅವರಿಂದ ರೋಮನ್ನರಿಗೆ ಬಂತು. ರೋಮನ್ನರು ಅದನ್ನು ಯು ಧ್ವನಿಯ ಹಿಂದೆ ಮಾತ್ರ ಇಟ್ಟುಕೊಂಡರು. ಇಂದಿಗೂ ಕ್ಯೂ ಹಿಂದೆ ಯು ಬರುವುದು ಆ ಕಾಲದ ಕಟ್ಟಳೆ. ಇಂಗ್ಲಿಷರು ಮೊದಲು ರಾಣಿ ಎಂಬರ್ಥದ ‘ಕ್ವೀನ್’ ಪದವನ್ನು ಸಿ ಮತ್ತು ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯ ಲಿಪಿಕಾರರು ಅದನ್ನು ಕ್ಯೂ ಮತ್ತು ಯುಗೆ ಬದಲಾಯಿಸಿದರು. ಆಳುವವರು ಬದಲಾದಾಗ ರಾಣಿಯ ಕಾಗುಣಿತವೂ ಬದಲಾಯಿತು! ಅಂದಹಾಗೆ, ಪಡಿತರ ಅಂಗಡಿಯ ಮುಂದೆ ನಾವು ನಿಲ್ಲುವ ‘ಕ್ಯೂ’ ಫ್ರೆಂಚ್ ಪದ. ಅದರ ಅರ್ಥ ಬಾಲ.

ಅದೇ ಬೇರಿನ ಇನ್ನೊಂದು ಕವಲು ಅರಾಮಿಕ್ ಮತ್ತು ನಬಾತಿ ಬರಹಗಳ ಮೂಲಕ ಅರಬಿಗೆ ಬಂತು. ಅಲ್ಲಿ ಮೂಲ ಧ್ವನಿ ಸಾಯಲಿಲ್ಲ. ನಾಲಿಗೆಯ ಬುಡ ಕಿರುನಾಲಿಗೆಯ ಬಳಿ ತಾಗಿ ಬಿಡುವಾಗ ಹುಟ್ಟುವ ಧ್ವನಿಯೇ ಖಾಫ್. ನಾಲಿಗೆಯನ್ನು ಸ್ವಲ್ಪ ಮುಂದಕ್ಕೆ ತಂದರೆ ಅದು ಕಾಫ್, ಅಂದರೆ ನಮ್ಮ ‘ಕ’. ಅರಬಿಯಲ್ಲಿ ಇವೆರಡು ಬೇರೆ ಬೇರೆ ಅಕ್ಷರಗಳು, ಅದಲುಬದಲಾದರೆ ಅರ್ಥವೇ ಬೇರೆ. ಖಾಫ್ ಹಾಕಿದ ‘ಕಲ್ಬ್’ ಹೃದಯ, ಕಾಫ್ ಹಾಕಿದ ‘ಕಲ್ಬ್’ ನಾಯಿ. ಮದರಸಗಳಲ್ಲಿ ತಜ್ವೀದ್ ಕಲಿಸುವವರು ಈ ಉದಾಹರಣೆಯನ್ನು ಕೊಡದೆ ಬಿಡುವುದಿಲ್ಲ. ಮೌಲಾನಾ ಅಬುಲ್ ಕಲಾಂ ಆಜಾದ್, ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರಿನ ‘ಕಲಾಂ’ ಅನ್ನು ಲೇಖನಿ ಎಂದು ತಿಳಿದವರು ಅನೇಕರು. ಅದು ಕಾಫ್‌ನ ಕಲಾಂ, ಅರ್ಥ ಮಾತು. ಲೇಖನಿ ಎಂಬರ್ಥದ ‘ಕಲಂ’ ಖಾಫ್‌ನಿಂದ ಶುರುವಾಗುವ ಪದ. ಕನ್ನಡದ ಕಾನೂನು ಪುಸ್ತಕಗಳಲ್ಲಿ ಬರುವ ‘ಕಲಂ’ ಕೂಡ ಅದೇ.

ಪವಿತ್ರ ಕುರ್‌ಆನಿನ 50ನೇ ಅಧ್ಯಾಯದ ಹೆಸರೇ ಈ ಅಕ್ಷರ. ಒಟ್ಟು ಎಂಟು ಅಧ್ಯಾಯಗಳ ಹೆಸರುಗಳು ಖಾಫ್‌ನಿಂದ ಆರಂಭವಾಗುತ್ತವೆ. ಕುರ್‌ಆನ್ ಎಂಬ ಪದವೂ ಹಾಗೆಯೇ. 1734ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಜಾರ್ಜ್ ಸೇಲ್ ಅದನ್ನು ಕೆ ಅಕ್ಷರದಿಂದ ಬರೆದ. ಕ್ಯೂ ರೂಢಿಗೆ ಬಂದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಯುರೋಪಿಗೆ ಹೋಗಿದ್ದ ಅರಬಿ ಪದಗಳು ತಮ್ಮ ಖಾಫನ್ನು ದಾರಿಯಲ್ಲೇ ಕಳೆದುಕೊಂಡಿದ್ದವು. ಕಹ್ವಾ ಹೋಗಿ ಕಾಫಿ, ಕುತ್ನ್ ಹೋಗಿ ಕಾಟನ್. ಕ್ಯಾಂಡಿಯ ಪ್ರಯಾಣ ಇನ್ನೂ ಸ್ವಾರಸ್ಯಕರ. ಸಕ್ಕರೆ ತುಂಡಿಗೆ ನಮ್ಮ ದೇಶದಲ್ಲಿದ್ದ ‘ಖಂಡ’ ಎಂಬ ಹೆಸರು ಪಾರ್ಸಿಯ ಮೂಲಕ ಅರಬಿಗೆ ಹೋಗಿ ಖಾಫ್ ಪಡೆದು ‘ಕಂದ್’ ಆಯಿತು, ಅಲ್ಲಿಂದ ಯುರೋಪಿನ ಬಾಯಿಗೆ ಕ್ಯಾಂಡಿಯಾಗಿ ಬಿತ್ತು.

ಅರಬರೆಲ್ಲರೂ ಖಾಫನ್ನು ಒಂದೇ ರೀತಿ ಉಚ್ಚರಿಸುತ್ತಾರೆ ಎಂದು ತಿಳಿಯಬೇಕಾಗಿಲ್ಲ. ಕೈರೋದ ಬೀದಿಯಲ್ಲಿ ಅದು ಬಹುತೇಕ ಮಾಯವಾಗಿ, ಕಾಫಿಯನ್ನು ‘ಅಹ್ವಾ’ ಎನ್ನುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮ ಹುಡುಗರು ‘ಗಹ್ವಾ’ ಎಂಬುದನ್ನು ಕೇಳಿಯೇ ಇರುತ್ತಾರೆ. ಎಂಟನೇ ಶತಮಾನದ ಮಹಾ ವ್ಯಾಕರಣಕಾರ ಸೀಬವೈಹಿ ಖಾಫನ್ನು ಘೋಷ ಧ್ವನಿಗಳ ಸಾಲಿಗೆ ಸೇರಿಸಿದ್ದಾನೆ. ಅಂದರೆ ‘ಕ’ಗಿಂತ ‘ಗ’ ಕಡೆಗೆ ವಾಲುವ ಉಚ್ಚಾರ ಆಗಲೇ ಇತ್ತು. ಓದುವಾಗ ಶುದ್ಧ ಖಾಫ್, ಮಾತಾಡುವಾಗ ಊರ ಧ್ವನಿ. ಅರಬ್ ಜಗತ್ತಿನಲ್ಲಿ ಇದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ.

ನಮ್ಮ ದಖ್ಖನಿಯ ವಿಷಯದಲ್ಲಿ ಮಾತ್ರ ಇದು ಅವಮಾನದ ಸಂಗತಿಯಾದದ್ದು ಏಕೆ? ದಖ್ಖನಿಯಲ್ಲಿ ಖಾಫ್ ಎಲ್ಲ ಕಡೆಯೂ ‘ಖೇ’ ಆಗುತ್ತದೆ. ‘ಖುದಾ’, ‘ಖಬರ್’ ಪದಗಳಲ್ಲಿರುವ ಒರಟು ಧ್ವನಿ ಅದು. ಹಾಗಾಗಿ ಗೋರಿಯೂ ಖಬರ್, ಸುದ್ದಿಯೂ ಖಬರ್. ಉತ್ತರದ ಉರ್ದುವಿನವರು ಇದನ್ನು ಕೇಳಿ ನಗುತ್ತಾರೆ, ಸಿನಿಮಾದಲ್ಲಿ ಹಾಸ್ಯಕ್ಕೆ ಬಳಸುತ್ತಾರೆ. ನಮ್ಮಲ್ಲಿಯೇ ನಾಲ್ಕಕ್ಷರ ಕಲಿತವರು ಮನೆಯ ಹಿರಿಯರ ಮಾತಿಗೆ ಮುಜುಗರ ಪಡುತ್ತಾರೆ. ಆದರೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬೆ ನೌರಸ್’ ರಚಿಸಿದ್ದು, ಅದೇ ಆಸ್ಥಾನದಲ್ಲಿ ನುಸ್ರತಿ ಕಾವ್ಯ ಬರೆದದ್ದು ಈ ದಖ್ಖನಿಯಲ್ಲೇ. ಎರಡೆರಡು ಖಾಫ್‌ಗಳನ್ನು ಹೆಸರಿನಲ್ಲಿ ಹೊತ್ತ ಮುಹಮ್ಮದ್ ಕುಲಿ ಕುತುಬ್‌ಶಾಹನ ಕವಿತೆಯೂ ದಖ್ಖನಿ. ಅವನು ಕಟ್ಟಿದ ಹೈದರಾಬಾದಿನ ಜನ ಅವನನ್ನು ‘ಖುಲಿ ಖುತುಬ್’ ಎಂದೇ ಕರೆಯುತ್ತಾರೆ. ಹೊಸಕೋಟೆ ಸೀಮೆಗೆ ಈ ಭಾಷೆ ಹೊಸತಲ್ಲ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ವಶಪಡಿಸಿಕೊಂಡ ಮೇಲೆ ಹೊಸಕೋಟೆಯೂ ಶಹಾಜಿಯ ಜಹಗೀರಿಗೆ ಸೇರಿತ್ತು. ಬಳಿಕ ಸಿರಾದ ಮೊಗಲ್ ಆಡಳಿತ, ಆಮೇಲೆ ಹೈದರ್ ಮತ್ತು ಟಿಪ್ಪು. ದಂಡು, ಸಂತೆ, ಕಚೇರಿ ಮೂರರಲ್ಲೂ ಈ ‘ಖ’ ಓಡಾಡಿತು.

ಅದು ಓಡಾಡಿದ ಗುರುತು ಕನ್ನಡದಲ್ಲೇ ಇದೆ. ‘ಇಲಾಖೆ’ ಎಂಬ ಪದ ನೋಡಿ. ಅರಬಿಯಲ್ಲಿ ಅದು ಖಾಫ್ ಇರುವ ‘ಇಲಾಕಾ’. ಕನ್ನಡದಲ್ಲಿ, ಹಾಗೆಯೇ ಮರಾಠಿಯಲ್ಲಿ, ಅದಕ್ಕೆ ‘ಖ’ ಬಂತು. ‘ಖಾಯಂ’, ‘ಖೈದಿ’ ಕೂಡ ಮೂಲದಲ್ಲಿ ಖಾಫ್‌ನವು. ನೆರೆಯ ತೆಲುಗಿನಲ್ಲೂ ಅವಕ್ಕೆ ‘ಖ’ವೇ. ಈ ‘ಖ’ ಬಂದದ್ದು ದೆಹಲಿಯ ಉಚ್ಚಾರದಿಂದಲ್ಲ, ಪಾರ್ಸಿ ಕಾಗುಣಿತದಿಂದಲೂ ಅಲ್ಲ. ದಖ್ಖನಿಯ ಬಾಯಿಂದ ಎಂದೇ ನಮಗೆ ತೋರುತ್ತದೆ. ಇನ್ನು ತಾಲ್ಲೂಕು, ಕಸಬಾ, ಕಾನೂನು, ಕರಾರು, ಬಾಕಿ, ನಕಲು, ಮೊಕದ್ದಮೆ, ಹಕ್ಕು ಇವುಗಳಲ್ಲಿ ಖಾಫ್ ‘ಕ’ ಆಗಿದೆ. ನಗದು, ತಗಾದೆಗಳಲ್ಲಿ ‘ಗ’ ಆಗಿದೆ. ನಿಯಮ ಹುಡುಕಿದರೆ ಸಿಗದು. ಮುಖದ ‘ಖ’, ಖರ್ಚಿನ ‘ಖ’, ಇಲಾಖೆಯ ‘ಖ’ ಮೂರೂ ಮೂರು ಮೂಲದವು, ಕನ್ನಡದ ಒಂದೇ ಅಕ್ಷರ ಮೂರನ್ನೂ ಸಾಕುತ್ತಿದೆ. ಹಳ್ಳಿಗನ ಬಾಯಲ್ಲಿ ಮೂರೂ ಸಲೀಸಾಗಿ ‘ಕ’ವೇ ಆಗುತ್ತವೆ, ಅದು ಬೇರೆ ಮಾತು.

ಒಂದು ಪದ ಮಾತ್ರ ನಮ್ಮನ್ನು ಬಹಳ ಕಾಡುತ್ತದೆ. ಅಡಿಪಾಯ, ನಿಯಮ ಎಂಬರ್ಥದ ಅರಬಿಯ ‘ಕಾಇದಾ’ ಕನ್ನಡದಲ್ಲಿ ‘ಕಾಯ್ದೆ’. ವಿಧಾನಸೌಧದಲ್ಲಿ ಪ್ರತಿ ಅಧಿವೇಶನದಲ್ಲೂ ಕೇಳಿಬರುವ ಪದ. ಮದರಸದ ಮಕ್ಕಳ ಕೈಯಲ್ಲಿರುವ ಅಕ್ಷರಾಭ್ಯಾಸದ ಪುಸ್ತಿಕೆಯೂ ‘ಖಾಯಿದಾ’. 2001ರ ಸೆಪ್ಟೆಂಬರಿನ ನಂತರ ಅದೇ ಪದ ‘ಅಲ್ ಖೈದಾ’ ಎಂದು ಪತ್ರಿಕೆಗಳ ತಲೆಬರಹಕ್ಕೇರಿತು, ಖೈದಿಯ ನೆಂಟನಂತೆ ಕೇಳಿಸತೊಡಗಿತು. ಕಾಯ್ದೆ ನಮ್ಮದು, ಖೈದಾ ಅವರದು ಎಂಬ ಭಾವನೆ ಓದುಗರಲ್ಲಿ ಮೂಡಿದ್ದರೆ ಅದರಲ್ಲಿ ಕಾಗುಣಿತದ ಪಾಲೂ ಇದೆ.

ಕಾಗುಣಿತದ ನಿಜವಾದ ತೊಂದರೆ ಎದುರಾಗುವುದು ಹೆಸರುಗಳಲ್ಲಿ. ಸರ್ವಶಕ್ತ ಎಂಬರ್ಥದ ‘ಕಾದಿರ್’ ಖಾಫ್‌ನ ಪದ. ಕರ್ನಾಟಕದಲ್ಲಿ ಅದು ‘ಖಾದರ್’, ಇಂಗ್ಲಿಷಿನಲ್ಲಿ ಕೆ ಮತ್ತು ಎಚ್. 2023ರಲ್ಲಿ ವಿಧಾನಸಭೆಯ ಸ್ಪೀಕರ್ ಆದ ಯು.ಟಿ. ಖಾದರ್ ಅವರ ಹೆಸರು ಬಳಕೆಯಲ್ಲಿರುವುದೂ ಹೀಗೆಯೇ. ಕರಾವಳಿಗೆ ಈ ‘ಖ’ ಬಂದ ದಾರಿ ಬೇರೆ. ಮಲಯಾಳಂ ಬರಹದಲ್ಲಿ ಖಾಫಿಗೆ ‘ಖ’ ಹಾಕುವ ರೂಢಿ ಇದೆ. ಕಲಬುರಗಿಯ ಮಾಜಿ ಸಚಿವ, 2017ರಲ್ಲಿ ನಿಧನರಾದ ಖಮರುಲ್ ಇಸ್ಲಾಂ ಅವರ ಹೆಸರು ಕನ್ನಡದಲ್ಲಿ ‘ಖ’, ಇಂಗ್ಲಿಷಿನಲ್ಲಿ ಕ್ಯೂ. ಸಾರ್ವಜನಿಕ ವ್ಯಕ್ತಿಗಳಿಗೆ ಇದರಿಂದ ನಷ್ಟವಿಲ್ಲ. ಆದರೆ ಎರಡು ಎಕರೆ ಹೊಲದ ರೈತನ ಪಹಣಿಯಲ್ಲಿ ‘ಕಾದರ್’, ಪಡಿತರ ಚೀಟಿಯಲ್ಲಿ ‘ಖಾದರ್’, ಮಗನ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಕೆ ಎಚ್‌ನಿಂದ, ಪಾಸ್‌ಪೋರ್ಟಿನಲ್ಲಿ ಕ್ಯೂನಿಂದ ಇದ್ದರೆ? ಬ್ಯಾಂಕಿನವನಿಗೆ ಅವರು ನಾಲ್ಕು ಜನ. ಕೆ ಎಚ್ ಕಂಡ ಅರಬ್ ಗುಮಾಸ್ತ ಅದನ್ನು ‘ಖೇ’ ಎಂದೇ ಓದಿ ಬರೆಯುತ್ತಾನೆ, ದೇವನಾಮವೇ ಬೇರೊಂದು ಪದವಾಗುತ್ತದೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಕೈಬರಹದ ಹೆಸರುಗಳು ಹೇಗಿದ್ದವೋ ಹಾಗೆ ಗಟ್ಟಿಯಾದವು.

ಸರ್ಕಾರಕ್ಕೇ ಈ ಅಕ್ಷರದ ಬಗ್ಗೆ ಸ್ಥಿರತೆ ಇರಲಿಲ್ಲ. 1954ರ ಮತ್ತು 1995ರ ವಕ್ಫ್ ಕಾಯ್ದೆಗಳಲ್ಲಿ ಇಂಗ್ಲಿಷಿನ ವಕ್ಫ್ ಪದಕ್ಕೆ ಕೆ ಇತ್ತು. 2013ರ ತಿದ್ದುಪಡಿ ಕಾಯ್ದೆಯುದ್ದಕ್ಕೂ ಕೆ ತೆಗೆದು ಕ್ಯೂ ಹಾಕಿತು. ಸಂಸತ್ತು ಒಂದು ಅಕ್ಷರ ಬದಲಿಸಿದರೆ ಅದು ತಿದ್ದುಪಡಿ, ಬಡವನ ಕಾಗದದಲ್ಲಿ ಅದೇ ಅಕ್ಷರ ಬದಲಾದರೆ ಸಂಶಯ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ದಾಖಲೆಗಳಲ್ಲಿ ಹೆಸರು ತಾಳೆಯಾಗದ ದೂರು ಅಲ್ಲಿ ಮತ್ತೆ ಮತ್ತೆ ಕೇಳಿಬಂತು. ಅದೇ ರಾಜ್ಯದ ಒಂದು ಪ್ರಕರಣದಲ್ಲಿ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಹೆಸರಿನ ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸಗಳ ಮೇಲೆ ಒಬ್ಬನನ್ನು ವಿದೇಶಿ ಎಂದು ಘೋಷಿಸಲಾಗದು ಎಂದು ತೀರ್ಪು ಕೊಟ್ಟಿತು. ಆದರೆ ಎಲ್ಲರೂ ಸುಪ್ರೀಂ ಕೋರ್ಟಿನವರೆಗೆ ಹೋಗಬಲ್ಲರೇ?

ಕನ್ನಡ ಲಿಪಿಯಲ್ಲಿ ಖಾಫಿಗೆ ಪ್ರತ್ಯೇಕ ಗುರುತು ಬೇಕು, ‘ಕ’ ಕೆಳಗೆ ನುಕ್ತಾ ಚುಕ್ಕೆಗಳನ್ನಿಡೋಣ ಎನ್ನುವವರಿದ್ದಾರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೂ ಆ ಚಿಹ್ನೆ ಇದೆ. ಧಾರ್ಮಿಕ ಗ್ರಂಥಗಳ ಲಿಪ್ಯಂತರಕ್ಕೆ ಅದು ಒಳ್ಳೆಯದೇ. ಆದರೆ ತಾಲ್ಲೂಕು ಕಚೇರಿಯ ಕೀಲಿಮಣೆಯ ಮುಂದೆ ಕುಳಿತವನಿಂದ ಚುಕ್ಕೆಗಳನ್ನು ನಿರೀಕ್ಷಿಸುವುದು ಕಷ್ಟ. ಕುರ್‌ಆನ್ ಪಾರಾಯಣದಲ್ಲಿ ಖಾಫ್ ಖಾಫ್ ಆಗಿಯೇ ಇರಬೇಕು, ಅದರಲ್ಲಿ ರಾಜಿ ಇಲ್ಲ. ಕನ್ನಡದಲ್ಲಿ ಬರೆಯುವಾಗ ನಮ್ಮ ಹಿರಿಯರ ‘ಖ’ ಸಾಕು ಎಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷಿನಲ್ಲಿ ಕ್ಯೂ ಬೇಕೋ, ಕೆ ಎಚ್ ಬೇಕೋ ಎಂಬುದನ್ನು ಮಗುವಿನ ಜನನ ನೋಂದಣಿಯ ಹೊತ್ತಿಗೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಷ್ಟರಲ್ಲಿ ತಾತನ ಪಹಣಿ, ತಂದೆಯ ಅಂಕಪಟ್ಟಿ, ಎರಡನ್ನೂ ಎದುರಿಗಿಟ್ಟುಕೊಂಡು ನೋಡಲು ಸಮಯ ಸಿಗುತ್ತದೆ.