ನಗರ ರೈಲು ಸಿಬ್ಬಂದಿ ಮೇಲಿನ ಹಲ್ಲೆ

ಮೆಟ್ರೊ, ಟ್ರಾಮ್ ಹಾಗೂ ಉಪನಗರ ರೈಲುಗಳ ಚಾಲಕರು, ಕಂಡಕ್ಟರುಗಳು, ಟಿಕೆಟ್ ಗುಮಾಸ್ತರು ಮತ್ತು ನಿಲ್ದಾಣ ಸಿಬ್ಬಂದಿ ಕೆಲಸದ ವೇಳೆ ಎದುರಿಸುವ ದಾಳಿಗಳ ಒಟ್ಟು ಹೆಸರು. ಹೊಡೆತ, ಇರಿತ, ಮೈಮೇಲೆ ಉಗುಳುವುದು, ಬೆದರಿಕೆ, ಲೈಂಗಿಕ ಕಿರುಕುಳ ಇದರ ಮುಖ್ಯ ಬಗೆಗಳು.

ಟಿಕೆಟ್ ತಪಾಸಣೆ, ಕುಡಿದವರ ಪುಂಡಾಟ, ರೈಲು ತಡವಾದಾಗಿನ ಸಿಟ್ಟು, ದರೋಡೆ ಸಾಮಾನ್ಯ ಕಾರಣಗಳು. ರಾತ್ರಿ ಪಾಳಿಯಲ್ಲಿ ಒಂಟಿಯಾಗಿರುವವರಿಗೆ ಅಪಾಯ ಹೆಚ್ಚು.

ನ್ಯೂಯಾರ್ಕ್ ಸಬ್‌ವೇಯಲ್ಲಿ ಇದರ ಗಂಭೀರ ನಿದರ್ಶನಗಳಿವೆ. 1995ರ ನವೆಂಬರಿನಲ್ಲಿ ಬ್ರೂಕ್ಲಿನ್‌ನ ಕಿಂಗ್‌ಸ್ಟನ್-ಥ್ರೂಪ್ ನಿಲ್ದಾಣದ ಟೋಕನ್ ಮಾರುವ ಬೂತ್‌ಗೆ ಉರಿಯುವ ದ್ರವ ಸುರಿದು ಬೆಂಕಿ ಹಚ್ಚಲಾಯಿತು. ಸುಟ್ಟಗಾಯಗಳಿಂದ ಅದರೊಳಗಿದ್ದ ಗುಮಾಸ್ತ ಎರಡು ವಾರಗಳಲ್ಲಿ ಮೃತಪಟ್ಟ. ಈ ಪ್ರಕರಣದಲ್ಲಿ ಮೂವರಿಗೆ ವಿಧಿಸಿದ್ದ ಶಿಕ್ಷೆಯನ್ನು 2022ರಲ್ಲಿ ನ್ಯಾಯಾಲಯ ರದ್ದುಪಡಿಸಿತು. ಈ ಸಬ್‌ವೇಯ ಕಂಡಕ್ಟರು ರೈಲು ಹೊರಡುವಾಗ ಕಿಟಕಿಯಿಂದ ತಲೆ ಹೊರಹಾಕಿ ಪ್ಲಾಟ್‌ಫಾರಂ ಗಮನಿಸಬೇಕು. ಈ ನಿಯಮವೇ ಆತನನ್ನು ದಾಳಿಗೆ ಒಡ್ಡುತ್ತದೆ. 2024ರ ಫೆಬ್ರವರಿ 29ರಂದು ರಾಕವೇ ಅವೆನ್ಯೂ ನಿಲ್ದಾಣದಲ್ಲಿ ಹೀಗೆ ತಲೆ ಹೊರಹಾಕಿದ್ದ ಕಂಡಕ್ಟರೊಬ್ಬನ ಕುತ್ತಿಗೆ ಕೊಯ್ಯಲಾಯಿತು. ಆತ ಬದುಕುಳಿದ. ಮುಂದಿನ ವಾರ ಗವರ್ನರ್ ಕ್ಯಾಥಿ ಹೋಕುಲ್ ಸಬ್‌ವೇಗೆ 750 ನ್ಯಾಷನಲ್ ಗಾರ್ಡ್ ಯೋಧರನ್ನು ನಿಯೋಜಿಸಿದರು.

ನ್ಯೂಯಾರ್ಕ್ ರಾಜ್ಯದಲ್ಲಿ ಸಾರಿಗೆ ನೌಕರರಿಗೆ ಗಾಯಮಾಡುವುದು 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಕಾಯಿದೆಯಂತೆ, ಸಾರ್ವಜನಿಕ ಸೇವೆ ಒದಗಿಸುವವರ ಮೇಲಿನ ಹಲ್ಲೆ ಶಿಕ್ಷೆ ಹೆಚ್ಚಿಸುವ ಅಂಶ. ಲಂಡನ್ ಭೂಗತ ರೈಲಿನ ಸಿಬ್ಬಂದಿಗೆ, ಉಗುಳಿದವರನ್ನು ಡಿಎನ್‌ಎ ಮೂಲಕ ಪತ್ತೆಹಚ್ಚಲು ಎಂಜಲು ಸಂಗ್ರಹಿಸುವ ಕಿಟ್‌ಗಳನ್ನೂ ಮೈಮೇಲೆ ಧರಿಸುವ ಕ್ಯಾಮೆರಾಗಳನ್ನೂ ನೀಡಲಾಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ, ಕೆಲಸದ ಸ್ಥಳದ ಹಿಂಸೆ ಮತ್ತು ಕಿರುಕುಳದ ವಿರುದ್ಧದ ಮೊದಲ ಜಾಗತಿಕ ಒಪ್ಪಂದ. ಅದು 2021ರಲ್ಲಿ ಜಾರಿಗೆ ಬಂತು.