ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ ಮತ್ತು ಮುಂಬಯಿಯ ಉಗಿಹಡಗುಗಳು

ಮುಂಬಯಿಯ ಹಡಗುಕಟ್ಟೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ತೇಗದ ನೌಕೆಗಳ ವೈಭವವನ್ನು ವರ್ಣಿಸಿ ವಿರಮಿಸುತ್ತಾರೆ. ಆ ವೈಭವ ಸುಳ್ಳಲ್ಲ. ಸೂರತ್ತಿನಿಂದ ಬಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಮತ್ತು ಅವನ ವಂಶಜರು ಹದಿನೆಂಟನೆಯ ಶತಮಾನದಿಂದ ಮುಂದಕ್ಕೆ ಇಲ್ಲಿ ಮುಖ್ಯ ನೌಕಾಶಿಲ್ಪಿಗಳಾಗಿದ್ದರು. ಮಲಬಾರಿನ ಮತ್ತು ನಮ್ಮ ಕನ್ನಡ ಜಿಲ್ಲೆಯ ಕಾಡುಗಳಿಂದ ಬಂದ ತೇಗ ಅವರ ಕೈಯಲ್ಲಿ ಯುದ್ಧನೌಕೆಯಾಯಿತು. 1817ರಲ್ಲಿ ಇಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ತೇಲುತ್ತಿದೆ. ಆದರೆ ಹಾಯಿ ಹೋಗಿ ಉಗಿ ಬಂದಾಗ, ಮರ ಹೋಗಿ ಕಬ್ಬಿಣ ಬಂದಾಗ, ಈ ಕೈಗಳು ಏನು ಮಾಡಿದವು? ಈ ಪ್ರಶ್ನೆಗೆ ಉತ್ತರ ದೊರೆಯುವುದು ಅದೇ ವಂಶದ ಅರ್ದೇಶೀರ್ ಕರ್ಸೆಟ್‌ಜಿಯ ಜೀವನದಲ್ಲಿ.

ಅರ್ದೇಶೀರನು ಹುಟ್ಟಿದ್ದು 1808ರಲ್ಲಿ. ಅವನಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಅಂದರೆ 1829ರಲ್ಲಿ, ಮುಂಬಯಿಯಲ್ಲಿ ‘ಹ್ಯೂ ಲಿಂಡ್ಸೆ’ ಎಂಬ 411 ಟನ್ನುಗಳ ಉಗಿಹಡಗು ಸಿದ್ಧವಾಯಿತು. ಒಡಲು ಇಲ್ಲಿಯದು, ತಲಾ 80 ಅಶ್ವಶಕ್ತಿಯ ಎರಡು ಯಂತ್ರಗಳು ಇಂಗ್ಲೆಂಡಿನವು. 1830ರ ಮಾರ್ಚ್ 20ರಂದು ಹೊರಟ ಈ ಹಡಗು ಏಪ್ರಿಲ್ 22ರಂದು ಸೂಯೆಜ್ ಮುಟ್ಟಿತು. ಈ ಪ್ರಯಾಣದ ಲೆಕ್ಕ ಗಮನಾರ್ಹವಾದುದು. ಹಡಗಿನ ಕಣಜಗಳಿಗೆ ಹಿಡಿಸುತ್ತಿದ್ದುದು ಐದೂವರೆ ದಿನಗಳ ಕಲ್ಲಿದ್ದಲು. ಏಡನ್ನಿಗೆ ಬೇಕಾದದ್ದು ಹನ್ನೊಂದು ದಿನಗಳದು. ಆದುದರಿಂದ ಕೋಣೆಗಳಲ್ಲಿಯೂ ಅಟ್ಟದ ಮೇಲೆಯೂ ಕಲ್ಲಿದ್ದಲನ್ನೇ ತುಂಬಬೇಕಾಯಿತು. ದಾರಿಯ ಬಂದರುಗಳಲ್ಲಿ ಅದನ್ನು ಮತ್ತೆ ತುಂಬಿಸಿಕೊಳ್ಳುವುದರಲ್ಲಿಯೇ ಸುಮಾರು ಹನ್ನೆರಡು ದಿನಗಳು ಕಳೆದವು.

ಇಷ್ಟು ಕಲ್ಲಿದ್ದಲು ಏಕೆ ಬೇಕಾಗುತ್ತಿತ್ತು? ಅಂದಿನ ನೌಕಾಯಂತ್ರದಲ್ಲಿ ಕೆಲಸ ಮುಗಿಸಿದ ಉಗಿಯನ್ನು ಸಮುದ್ರದ ತಣ್ಣೀರು ಹಾಯಿಸಿ ತಣಿಸುತ್ತಿದ್ದರು. ಹೀಗೆ ಬೆರೆತ ಉಪ್ಪುನೀರೇ ಮರಳಿ ಬಾಯ್ಲರಿಗೆ ಹೋಗುತ್ತಿತ್ತು. ಉಪ್ಪು ಗಟ್ಟಿಕಟ್ಟದಿರಲೆಂದು ಕುದಿಯುವ ನೀರನ್ನು ಆಗಾಗ ಸಮುದ್ರಕ್ಕೆ ಚೆಲ್ಲಬೇಕಾಗಿತ್ತು. ನೀರಿನೊಡನೆ ಉರುವಲೂ ವ್ಯರ್ಥವಾಗುತ್ತಿತ್ತು. ಉಗಿಯನ್ನು ಎರಡು ಹಂತಗಳಲ್ಲಿ ದುಡಿಸುವ ಯಂತ್ರವನ್ನು ಜಾನ್ ಎಲ್ಡರ್ ಸ್ಕಾಟ್ಲೆಂಡಿನಲ್ಲಿ ಹಡಗಿಗೆ ಅಳವಡಿಸಿದ್ದು 1854ರಲ್ಲಿ. ಅಲ್ಲಿಯವರೆಗೂ ದೂರದ ಸಮುದ್ರಯಾನಕ್ಕೆ ಉಗಿಹಡಗು ದುಬಾರಿಯ ವಾಹನವೇ ಆಗಿತ್ತು. ಹೀಗಿರಲು ಒಡಲನ್ನು ಕಟ್ಟಬಲ್ಲವನಿಗಿಂತ ಯಂತ್ರವನ್ನು ಬಲ್ಲವನ ಮಹತ್ವ ಹೆಚ್ಚಿತು.

ಈ ಮಾತನ್ನು ಅರ್ದೇಶೀರನು ಬೇಗನೆ ಅರಿತನು. 1833ರಲ್ಲಿ ಅವನು 60 ಟನ್ನುಗಳ ‘ಇಂಡಸ್’ ಎಂಬ ನೌಕೆಯನ್ನು ಕಟ್ಟಿ ಅದಕ್ಕೆ ಉಗಿಯಂತ್ರವನ್ನು ತಾನೇ ಅಳವಡಿಸಿದನು. ಮರುವರ್ಷ ಮಜಗಾಂವಿನ ತನ್ನ ಬಂಗಲೆಯಲ್ಲಿ ಗ್ಯಾಸಿನ ದೀಪಗಳನ್ನು ಬೆಳಗಿಸಿದನು. 1839ರಲ್ಲಿ ಇಂಗ್ಲೆಂಡಿಗೆ ಹೋಗಿ ನೌಕಾಯಂತ್ರಗಳ ವಿದ್ಯೆಯನ್ನು ಅಭ್ಯಾಸ ಮಾಡಿದನು. ಆ ಪ್ರವಾಸದ ದಿನಚರಿ 1840ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1841ರ ಮೇ 27ರಂದು ರಾಯಲ್ ಸೊಸೈಟಿ ಅವನನ್ನು ತನ್ನ ಫೆಲೋ ಆಗಿ ಆರಿಸಿತು. ಭಾರತೀಯರಲ್ಲಿ ಈ ಗೌರವ ಮೊದಲು ಸಂದದ್ದು ಅವನಿಗೆ. ಎರಡನೆಯವರಾದ ರಾಮಾನುಜನ್ ಅವರಿಗೆ ಸಂದದ್ದು 77 ವರ್ಷಗಳ ಅನಂತರ, 1918ರಲ್ಲಿ.

ಮುಂಬಯಿಗೆ ಮರಳಿದ ಅರ್ದೇಶೀರನನ್ನು ಕಂಪೆನಿ ಸರ್ಕಾರವು ತನ್ನ ಉಗಿಯಂತ್ರ ಕಾರ್ಖಾನೆಗೆ ಮುಖ್ಯ ಇಂಜಿನಿಯರನ್ನಾಗಿಯೂ ಯಂತ್ರಗಳ ತನಿಖಾಧಿಕಾರಿಯನ್ನಾಗಿಯೂ ನೇಮಿಸಿತು. ಅವನ ಕೈಕೆಳಗೆ ದುಡಿಯುವವರಲ್ಲಿ ಐರೋಪ್ಯರೂ ಇದ್ದರು. ದೇಶೀಯನೊಬ್ಬನ ಆಜ್ಞೆಯಲ್ಲಿ ಅವರು ನಡೆಯಬೇಕೆಂಬುದು ಅಂದಿನ ಆಂಗ್ಲ ಪತ್ರಿಕಾವಲಯಕ್ಕೆ ಸಹ್ಯವಾಗಲಿಲ್ಲ, ಆಕ್ಷೇಪಣೆಗಳೆದ್ದವು. ಅವನು 1857ರವರೆಗೂ ಆ ಸ್ಥಾನದಲ್ಲಿದ್ದನು. ಆಕ್ಷೇಪಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. 1849ರಲ್ಲಿ ಅವನು ಅಮೆರಿಕೆಗೂ ಹೋಗಿಬಂದನು. 1851ರಲ್ಲಿ ‘ಲವ್‌ಜಿ ಫ್ಯಾಮಿಲಿ’ ಎಂಬ ಉಗಿಹಡಗನ್ನು ನೀರಿಗಿಳಿಸಿದನು. ಅದರ ಯಂತ್ರದ ಭಾಗಗಳು ಅವನ ಮನೆಯ ಎರಕದ ಕಾರ್ಖಾನೆಯಲ್ಲಿಯೇ ತಯಾರಾದವು. ಹ್ಯೂ ಲಿಂಡ್ಸೆಯ ಕಾಲಕ್ಕೆ ಪರರದಾಗಿದ್ದ ಯಂತ್ರವು ಇಪ್ಪತ್ತೆರಡು ವರ್ಷಗಳಲ್ಲಿ ಮುಂಬಯಿಯ ಕೈಗೆ ಸಾಧ್ಯವಾಯಿತು.

ಆದರೂ ಒಬ್ಬನ ವಿದ್ಯೆ ಊರಿನ ಉದ್ಯಮವಾಗಲಿಲ್ಲ. ಇದಕ್ಕೆ ಕಾರಣ ಸಾಮರ್ಥ್ಯದ ಕೊರತೆಯೆಂದು ಹೇಳಲು ಮೇಲಿನ ಸಂಗತಿಗಳು ಅವಕಾಶ ಕೊಡುವುದಿಲ್ಲ. ಒಡಲು ಕಬ್ಬಿಣದ್ದಾದ ಮೇಲೆ ತೇಗದಿಂದ ಮುಂಬಯಿಗಿದ್ದ ಮೇಲುಗೈ ಹೋಯಿತು. ಕಬ್ಬಿಣವೂ ಕಲ್ಲಿದ್ದಲೂ ಬ್ರಿಟನ್ನಿನಲ್ಲಿ ಕಾರ್ಖಾನೆಯ ಬಾಗಿಲಲ್ಲೇ ದೊರೆಯುತ್ತಿದ್ದವು. ಮುಂಬಯಿಗೆ ಅವು ಸಮುದ್ರ ದಾಟಿ ಬರಬೇಕಾಗಿತ್ತು. 1863ರಲ್ಲಿ ಭಾರತೀಯ ನೌಕಾಪಡೆಯೇ ರದ್ದಾದುದರಿಂದ ಹಡಗುಕಟ್ಟೆಯ ಮುಖ್ಯ ಗಿರಾಕಿಯೂ ಇಲ್ಲವಾಯಿತು. ಬೇಡಿಕೆಯೂ ಬಂಡವಾಳವೂ ಬೆನ್ನಿಗಿಲ್ಲದ ವಿದ್ಯೆ ಎಷ್ಟೇ ದೊಡ್ಡದಾದರೂ ವ್ಯಕ್ತಿಯೊಡನೆ ಮುಗಿಯುತ್ತದೆ.

ಅರ್ದೇಶೀರನು 1877ರಲ್ಲಿ ಇಂಗ್ಲೆಂಡಿನ ರಿಚ್‌ಮಂಡಿನಲ್ಲಿ ತೀರಿಕೊಂಡನು. 1969ರಲ್ಲಿ ಭಾರತದ ಅಂಚೆ ಇಲಾಖೆ ಅವನ ಸ್ಮರಣೆಗಾಗಿ ಒಂದು ಅಂಚೆಚೀಟಿಯನ್ನು ಹೊರಡಿಸಿತು. ಪ್ರಥಮ ಫೆಲೋ ಎಂಬ ಹೆಗ್ಗಳಿಕೆಯೊಂದರಿಂದಲೇ ಅವನನ್ನು ನೆನೆದರೆ ಸಾಲದು. ಬಾಚಿ ಹಿಡಿದ ವಂಶದಲ್ಲಿ ಹುಟ್ಟಿ, ಆ ಬಾಚಿಯ ಕಾಲ ಮುಗಿಯಿತೆಂಬುದನ್ನು ತಾನೇ ಮೊದಲು ಕಂಡು, ಹೊಸ ವಿದ್ಯೆಯನ್ನು ಕೈವಶ ಮಾಡಿಕೊಂಡವನು ಅವನು. ನಮ್ಮ ಕೈಗಾರಿಕೆಯ ಚರಿತ್ರೆಯಲ್ಲಿ ಅವನ ಸ್ಥಾನವನ್ನು ನಿರ್ಣಯಿಸಬೇಕಾದದ್ದು ಈ ದೃಷ್ಟಿಯಿಂದ.